ಭಾನುವಾರ ನೋಡಿದ ಮನೆ

ಬೆಂಗಳೂರಿನಲ್ಲಿ ಮನೆ ನೋಡಲು ಹೊರಡುವ ಹೊತ್ತು ಹೆಚ್ಚುಕಡಿಮೆ ಒಂದೇ: ಭಾನುವಾರ ತಿಂಡಿ ಮುಗಿದ ಮೇಲೆ, ಹತ್ತೂವರೆಯಿಂದ ಒಂದು ಗಂಟೆಯೊಳಗೆ. ಮುಂದೆ ಸ್ಕೂಟರಿನಲ್ಲಿ ಬ್ರೋಕರ್, ಹಿಂದೆ ಕಾರಿನಲ್ಲಿ ಗಂಡ, ಹೆಂಡತಿ, ಮಗು, ಕೆಲವೊಮ್ಮೆ ವಾಸ್ತು ತಿಳಿದ ಸೋದರಮಾವ. ಶೇಷಾದ್ರಿಪುರಂನ ಅಡ್ಡರಸ್ತೆಗಳಿಗೆ ಈ ಮೆರವಣಿಗೆ ಹೊಸದೇನಲ್ಲ. ಹಳೆಯ ಬಂಗಲೆ ಒಡೆದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿರುತ್ತದೆ. ಎರಡನೇ ಮಹಡಿಯ ಹಾಲ್‌ನಲ್ಲಿ ಬಿಸಿಲು ಬಿದ್ದಿರುತ್ತದೆ, ಕೆಳಗೆ ಬೀದಿ ಖಾಲಿ. ‘ಮೆಜೆಸ್ಟಿಕ್ ಪಕ್ಕದಲ್ಲೇ ಇದೀವಿ ಅನ್ಸುತ್ತಾ ಸಾರ್? ಎಷ್ಟು ಸೈಲೆಂಟಾಗಿದೆ ನೋಡಿ’ ಎನ್ನುತ್ತಾರೆ ಬ್ರೋಕರ್. ಅವರು ಸುಳ್ಳು ಹೇಳುತ್ತಿಲ್ಲ. ಆ ಹೊತ್ತಿಗೆ ನಿಜಕ್ಕೂ ಹಾಗೆ ಅನ್ನಿಸುವುದಿಲ್ಲ.

ಅದೇ ಬೀದಿಗೆ ಸೋಮವಾರ ಬೆಳಗ್ಗೆ ಎಂಟೂವರೆಗೆ ಬರಬೇಕು. 1930ರಲ್ಲಿ ಪುಟ್ಟ ಪ್ರಾಥಮಿಕ ಶಾಲೆಯಾಗಿ ಶುರುವಾದ ಶೇಷಾದ್ರಿಪುರಂ ಶಿಕ್ಷಣ ದತ್ತಿ ಇವತ್ತು ಶಾಲೆ, ಕಾಲೇಜುಗಳ ದೊಡ್ಡ ಬಳಗ. ಗಂಟೆ ಹೊಡೆಯುವ ಮುನ್ನ ಆಟೊಗಳು, ಸ್ಕೂಟರುಗಳು, ಮಕ್ಕಳನ್ನು ಇಳಿಸಿ ಹಿಂದಕ್ಕೆ ತಿರುಗುವ ಕಾರುಗಳು ಎಲ್ಲವೂ ಒಟ್ಟಿಗೆ ಸೇರುತ್ತವೆ. ಸಂಜೆಯಾದರೆ ಸಂಪಿಗೆ ರಸ್ತೆಯ ಕಡೆಯಿಂದ ಮಾಲ್‌ಗೆ ಹೋಗುವ ವಾಹನಗಳ ಸಾಲು. ಪ್ಲಾಟ್‌ಫಾರ್ಮ್ ರಸ್ತೆಯ ಆಸುಪಾಸಿನಲ್ಲಾದರೆ ಮೆಜೆಸ್ಟಿಕ್ಕಿನಿಂದ ಯಶವಂತಪುರದ ಕಡೆ ಹೋಗುವ ರೈಲಿನ ಸದ್ದು ನಡುರಾತ್ರಿಯಲ್ಲೂ ಕೇಳುತ್ತದೆ. ವಾರದ 168 ಗಂಟೆಗಳಲ್ಲಿ ಬೀದಿ ಅತ್ಯಂತ ಸಜ್ಜನವಾಗಿರುವ ಎರಡೂವರೆ ಗಂಟೆಯನ್ನೇ ಹುಡುಕಿ ನಾವು ಮನೆ ನೋಡುತ್ತೇವೆ. ಆಮೇಲೆ ಉಳಿದಷ್ಟೂ ಗಂಟೆಗಳನ್ನು ಅಲ್ಲಿ ಬಾಳುತ್ತೇವೆ.

ಕಾಗದಪತ್ರದ ವಿಷಯದಲ್ಲಿ ನಮ್ಮ ಜನ ಈಗ ಜಾಣರಾಗಿದ್ದಾರೆ. ಮೂಲಪತ್ರ, ಇಸಿ, ಖಾತಾ, ಮಂಜೂರಾದ ನಕ್ಷೆ ಎಲ್ಲವನ್ನೂ ವಕೀಲರ ಮೇಜಿನ ಮೇಲಿಡುತ್ತಾರೆ. ಕಟ್ಟಡದ ಗುಣಮಟ್ಟ ನೋಡಲು ಪರಿಚಯದ ಎಂಜಿನಿಯರೊಬ್ಬರನ್ನು ಕರೆತರುತ್ತಾರೆ. ಬ್ಯಾಂಕಿನವರು ಸಾಲಗಾರನ ಸಂಬಳವನ್ನು ಅಳೆಯುತ್ತಾರೆ. ಇಷ್ಟೆಲ್ಲ ತಪಾಸಣೆಯಲ್ಲಿ ತಪ್ಪಿಸಿಕೊಳ್ಳುವುದು ಒಂದೇ, ಕೊಳ್ಳುತ್ತಿರುವವರ ಮನಸ್ಸು. ಮನಶ್ಶಾಸ್ತ್ರ ಎಂದೊಡನೆ ನಿಮ್ಹಾನ್ಸ್ ನೆನಪಾಗುವ ಊರಿನಲ್ಲಿ, ಸೈಟು, ಫ್ಲಾಟುಗಳಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರೇ ಹೆಚ್ಚು. ಆದರೆ ಮಾರುವವರು ಆ ಶಾಸ್ತ್ರವನ್ನು ಯಾವ ಪದವಿಯೂ ಇಲ್ಲದೆ, ಅನುಭವದಿಂದಲೇ ಅರೆದು ಕುಡಿದಿದ್ದಾರೆ. ಕೊಳ್ಳುವವರಿಗೂ ಒಂದಿಷ್ಟು ಗೊತ್ತಿದ್ದರೆ ಆಟ ಸಮವಾದೀತು.

ಮೊದಲಿಗೆ ಬೆಲೆಯ ಮಾತು. ‘ಓನರ್ ಎರಡು ಕೋಟಿ ಹೇಳ್ತಿದ್ದಾರೆ. ನೀವು ಕೂತು ಮಾತಾಡಿ, ಸ್ವಲ್ಪ ಇಳೀತಾರೆ.’ ಮೊದಲು ಕಿವಿಗೆ ಬಿದ್ದ ಆ ಸಂಖ್ಯೆಗೆ ಮನಸ್ಸು ಲಂಗರು ಹಾಕಿಬಿಡುತ್ತದೆ. ಆಮೇಲೆ ನಡೆಯುವ ಚೌಕಾಸಿಯೆಲ್ಲ ಆ ಲಂಗರಿನ ಹಗ್ಗ ಎಷ್ಟು ಉದ್ದವಿದೆಯೋ ಅಷ್ಟರೊಳಗೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1974ರಲ್ಲಿ ಇದನ್ನು ವಿವರಿಸಿದ್ದರು. ಇದರ ಮೇಲೆ ಮನೆಗಳನ್ನೇ ಇಟ್ಟುಕೊಂಡು 1987ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಒಂದು ಪ್ರಯೋಗ ಮಾಡಿದರು. ಒಂದೇ ಮನೆಯನ್ನು ವಿದ್ಯಾರ್ಥಿಗಳಿಗೂ ವೃತ್ತಿಪರ ಏಜೆಂಟರಿಗೂ ತೋರಿಸಿ, ಒಂದೇ ಮಾಹಿತಿ ಕಟ್ಟು ಕೊಟ್ಟು, ಮಾಲೀಕ ಹೇಳುವ ಬೆಲೆಯನ್ನು ಮಾತ್ರ ಬದಲಿಸಿದರು. ಕೆಲವರ ಹಾಳೆಯಲ್ಲಿ 65,900 ಡಾಲರ್ ಎಂದಿತ್ತು, ಕೆಲವರ ಹಾಳೆಯಲ್ಲಿ 83,900. ಕಡಿಮೆ ಬೆಲೆ ಓದಿದ ಏಜೆಂಟರು ಮನೆಗೆ ಸರಾಸರಿ 67 ಸಾವಿರ ಚಿಲ್ಲರೆ ಕಟ್ಟಿದರೆ, ಹೆಚ್ಚಿನ ಬೆಲೆ ಓದಿದ ಏಜೆಂಟರು 75 ಸಾವಿರ ಚಿಲ್ಲರೆ ಕಟ್ಟಿದರು. ಮಜಾ ಇರುವುದು ಮುಂದೆ: ಮಾಲೀಕನ ಬೆಲೆಯಿಂದ ನಿಮ್ಮ ಅಂದಾಜು ಬದಲಾಯಿತೇ ಎಂದು ಕೇಳಿದಾಗ ಹೆಚ್ಚಿನ ಏಜೆಂಟರು ಇಲ್ಲವೆಂದರು. ಕಸುಬಿನವರಿಗೇ ಗೊತ್ತಾಗದೆ ನಡೆದ ಮೋಸವಿದು. ವರ್ಷವಿಡೀ ಬೇರೆ ಕೆಲಸ ಮಾಡಿಕೊಂಡು ಜೀವಮಾನಕ್ಕೊಮ್ಮೆ ಮನೆ ಕೊಳ್ಳುವ ನಾವು ಪಾರಾಗುತ್ತೇವೆಯೇ?

ಇದಕ್ಕೆ ಮದ್ದು ಸರಳ, ಆದರೆ ಬೇಸರದ್ದು. ಬ್ರೋಕರ್ ಬಾಯಿ ತೆರೆಯುವ ಮೊದಲೇ ಆ ಬೀದಿಯ ಮಾರ್ಗಸೂಚಿ ದರ, ಇತ್ತೀಚೆಗೆ ಅಲ್ಲಿ ನಿಜವಾಗಿ ನಡೆದ ಒಂದೆರಡು ಮಾರಾಟದ ಮೊತ್ತ, ಮತ್ತು ನಿಮ್ಮ ಕೈಲಾಗುವ ಗರಿಷ್ಠ ಮೊತ್ತ, ಇಷ್ಟನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು. ನಿಮ್ಮದೇ ಸಂಖ್ಯೆಗೆ ನೀವು ಮೊದಲು ಲಂಗರು ಹಾಕಿದಂತಾಯಿತು. ಅಳತೆಗೂ ಇದೇ ನಿಯಮ. ‘ಸಾವಿರದ ಐನೂರು ಸ್ಕ್ವೇರ್ ಫೀಟು’ ಎಂದು ಹೇಳಿದಾಗ ಅದರಲ್ಲಿ ಮೆಟ್ಟಿಲು, ಲಿಫ್ಟು, ಪ್ಯಾಸೇಜು ಎಲ್ಲದರ ಪಾಲೂ ಸೇರಿರಬಹುದು. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೆ ಏನೆಂದು ಸ್ಪಷ್ಟವಾಗಿ ಹೇಳಿದೆ. ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ನಿಮಗೆ ಸಿಗುವ ನೆಲ ಅದು. ದೊಡ್ಡ ಸಂಖ್ಯೆ ಮನಸ್ಸಿನಲ್ಲಿ ಕೂರುವ ಮುನ್ನ ಈ ಚಿಕ್ಕ ಸಂಖ್ಯೆಯನ್ನು ಕೇಳಿ.

ಇನ್ನು ತೋರಿಸುವ ಕ್ರಮ. ಮೊದಲು ಕತ್ತಲೆ ಗವಿಯಂಥ ಒಂದು ಮನೆ, ಆಮೇಲೆ ಬೆಲೆ ಕೈಗೆಟುಕದ ಇನ್ನೊಂದು, ಮೂರನೆಯದಾಗಿ ಅವರು ಮಾರಬೇಕೆಂದಿರುವುದು. ಮೂರನೆಯದು ಕಂಡೊಡನೆ ಎದೆ ಹಗುರಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮಾರಾಟಗಾರರ ತಂತ್ರಗಳ ಕುರಿತ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಅಲ್ಲಿನ ಕಂಪನಿಗಳು ಹೋಲಿಕೆಗೆಂದೇ ಒಂದೆರಡು ಹಾಳುಬಿದ್ದ ಮನೆಗಳನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಿದ್ದವಂತೆ. ನಮ್ಮಲ್ಲಿ ಅಷ್ಟು ಕಷ್ಟಪಡಬೇಕಿಲ್ಲ, ಅಂಥ ಮನೆಗಳು ಧಾರಾಳವಾಗಿಯೇ ಇವೆ. ಆಮೇಲಿನ ಸಾಲು ಎಲ್ಲರಿಗೂ ಬಾಯಿಪಾಠ: ‘ಸಂಜೆ ಇನ್ನೊಂದು ಪಾರ್ಟಿ ಬರ್ತಿದ್ದಾರೆ ಸಾರ್, ಒಂದು ಟೋಕನ್ ಹಾಕಿಬಿಡಿ.’ ಐವತ್ತು ಸಾವಿರದ ಟೋಕನ್ನಿನ ಉದ್ದೇಶ ಹಣವಲ್ಲ. ಕೊಟ್ಟ ಕ್ಷಣದಿಂದ ನೀವು ಆ ಮನೆಯ ವಕೀಲರಾಗುತ್ತೀರಿ. ಸಂಪು ಚಿಕ್ಕದೆಂದು ಹೆಂಡತಿ ಹೇಳಿದರೆ ‘ಟ್ಯಾಂಕರ್ ತರಿಸಿದರಾಯಿತು’ ಎಂದು ನೀವೇ ಸಮರ್ಥಿಸುತ್ತೀರಿ. ಮಾಡಿದ ತೀರ್ಮಾನಕ್ಕೆ ಮನಸ್ಸು ಆಮೇಲೆ ಕಾರಣ ಹೊಂದಿಸಿಕೊಳ್ಳುವುದನ್ನು ಲಿಯೊನ್ ಫೆಸ್ಟಿಂಗರ್ 1957ರಲ್ಲೇ ಸಿದ್ಧಾಂತವಾಗಿ ಬರೆದರು. ಹೊಸ ಯೋಜನೆಗಳಲ್ಲಿ ಕರಾರುಪತ್ರ ನೋಂದಣಿಯಾಗುವ ಮುನ್ನ ಬಿಲ್ಡರ್ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂದು ರೇರಾ ಹೇಳುತ್ತದೆ. ಹಳೆಯ ಮನೆಯ ಟೋಕನ್ನಿಗೆ ಅಂಥ ಬೇಲಿ ಇಲ್ಲ. ಅಲ್ಲಿ ಬೇಲಿ ನಿಮ್ಮದೇ ಆಗಬೇಕು: ನೋಡಿದ ದಿನ ಚೆಕ್ ಬರೆಯುವುದಿಲ್ಲ ಎಂಬ ಒಂದು ನಿಯಮ ಸಾಕು.

ಭಯದಿಂದ ಮನೆ ಆರಿಸುವುದು ಈ ಊರಿಗೆ ಹಳೆಯ ರೂಢಿ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಹೊತ್ತ ಶೇಷಾದ್ರಿಪುರಂ ತಲೆಯೆತ್ತಿದ್ದು 1890ರ ದಶಕದಲ್ಲಿ. ಚಾಮರಾಜಪೇಟೆಯೂ ಅದೇ ಕಾಲದ್ದು. ಪೇಟೆಯ ಇಕ್ಕಟ್ಟಿನಲ್ಲಿ ತಲೆಮಾರುಗಳಿಂದ ಇದ್ದವರನ್ನು ದೊಡ್ಡ ಪ್ರಮಾಣದಲ್ಲಿ ಹೊರಗೆಳೆದದ್ದು 1898ರ ಆಗಸ್ಟಿನಲ್ಲಿ ಬಂದ ಪ್ಲೇಗು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ಹೆದರಿಕೆಯಲ್ಲಿ. ನೇರ ರಸ್ತೆ, ಹಿಂದೊಂದು ಕನ್ಸರ್ವೆನ್ಸಿ ಓಣಿ, ಗಾಳಿ ಬೆಳಕಿಗೆ ಸುತ್ತ ಜಾಗ, ಇವೆಲ್ಲ ಇಲಿ ಮತ್ತು ಸಾವಿನ ನೆನಪಿನಿಂದ ಮೂಡಿದ ನಕ್ಷೆಗಳು. ದಂಡಿನ ಪ್ರದೇಶದಲ್ಲಿ 1910ರಲ್ಲಿ ಫ್ರೇಜರ್ ಟೌನ್ ಕಟ್ಟಿದಾಗ ಅದನ್ನು ಪ್ಲೇಗು ತಟ್ಟದ ಊರು ಎಂದೇ ಹೇಳಲಾಯಿತು. ಆ ಭಯ ಒಳ್ಳೆಯ ಬಡಾವಣೆಗಳನ್ನೇ ಕೊಟ್ಟಿತು, ಒಪ್ಪೋಣ. ಆದರೆ ಎಲ್ಲ ಭಯವೂ ಅಷ್ಟು ದೂರದೃಷ್ಟಿಯದಲ್ಲ. 2020ರ ಲಾಕ್‌ಡೌನಿನಲ್ಲಿ ಎಲ್ಲರಿಗೂ ಒಂದು ಹೆಚ್ಚುವರಿ ಕೋಣೆ ಬೇಕಿತ್ತು. ಹೊಸಕೋಟೆ, ದೇವನಹಳ್ಳಿ ಕಡೆ ದೊಡ್ಡ ಮನೆ ಹಿಡಿದವರಲ್ಲಿ ಕೆಲವರು ಆಫೀಸು ಮತ್ತೆ ತೆರೆದಾಗ ಆ ಕೋಣೆಯ ಬೆಲೆಯನ್ನು ದಿನಾ ರಸ್ತೆಯಲ್ಲಿ ತೀರಿಸಿದರು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ಸಿಗದಾದಾಗ ಎಲ್ಲರ ಮೊದಲ ಪ್ರಶ್ನೆ ‘ಕಾವೇರಿ ಕನೆಕ್ಷನ್ ಇದೆಯಾ?’ ಎಂದಾಯಿತು. ಒಳ್ಳೆಯ ಮಳೆ ಬಿದ್ದು, ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದ ಮೇಲೆ ಆ ಪ್ರಶ್ನೆ ಪಟ್ಟಿಯಲ್ಲಿ ಕೆಳಗಿಳಿಯಿತು. ನೀರಿನ ಪ್ರಶ್ನೆ ಮಾತ್ರ ಎಲ್ಲ ಕಾಲಕ್ಕೂ ಸರಿ. ಅದನ್ನು ಬೇಸಿಗೆಯಲ್ಲಷ್ಟೇ ಕೇಳುವುದು ನಮ್ಮ ಮನಸ್ಸಿನ ದೋಷ.

ಇವತ್ತಿನ ಮನಃಸ್ಥಿತಿ ನಾಳೆಯೂ ಹಾಗೇ ಇರುತ್ತದೆಂದು ನಂಬುವ ಈ ಸ್ವಭಾವವನ್ನು ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ಅಮೆರಿಕದಲ್ಲಿ ಈಜುಕೊಳವಿರುವ ಮನೆಗಳು ಬೇಸಿಗೆಯಲ್ಲಿ ಚಳಿಗಾಲಕ್ಕಿಂತ ತುಸು ಹೆಚ್ಚು ಬೆಲೆಗೆ ಹೋಗುತ್ತವೆ, ಮನೆ ಹತ್ತಾರು ವರ್ಷ ಇರುವಂಥದ್ದಾದರೂ. ನಮ್ಮ ಬದುಕಿನಲ್ಲಿ ಮನೆ ಯಾವುದಕ್ಕೆಲ್ಲ ಆಗಬೇಕಾಗುತ್ತದೆಂದು ಕೊಳ್ಳುವ ದಿನ ಹೇಳುವುದು ಕಷ್ಟವೇ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರ ಮನೆ 1935ರಲ್ಲಿ ರೇಡಿಯೊ ನಿಲಯವೇ ಆಗಿಹೋಯಿತು. ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಅವರು ಪ್ರಸಾರ ಆರಂಭಿಸಿದ್ದು ಅಲ್ಲಿಂದ. ಮನಸ್ಸಿನ ಪ್ರಾಧ್ಯಾಪಕರಿಗೇ ಮನೆ ಬೇರೆ ದಾರಿ ಹಿಡಿದ ಮೇಲೆ ನಮ್ಮದೇನು!

ಈಗ ಮುಖ್ಯ ಮಾತಿಗೆ ಬರೋಣ. ಮನೆಯಲ್ಲಿ ಯಾವುದಕ್ಕೆ ನಾವು ಒಗ್ಗಿಕೊಳ್ಳುತ್ತೇವೆ, ಯಾವುದಕ್ಕೆ ಒಗ್ಗಿಕೊಳ್ಳುವುದಿಲ್ಲ? ಮನಶ್ಶಾಸ್ತ್ರ ಕೊಡಬಹುದಾದ ಅತಿ ಉಪಯುಕ್ತ ತಿಳಿವಳಿಕೆ ಇದೇ ಎಂದು ನನ್ನ ಎಣಿಕೆ.

ಇಟಾಲಿಯನ್ ಮಾರ್ಬಲ್ಲಿಗೆ, ಮಾಡ್ಯುಲರ್ ಅಡುಗೆಮನೆಗೆ, ಫಾಲ್ಸ್ ಸೀಲಿಂಗಿನ ದೀಪಕ್ಕೆ ಬೇಗ ಒಗ್ಗುತ್ತೇವೆ. ಗೃಹಪ್ರವೇಶದ ದಿನ ನೆಂಟರು ಹೊಗಳುತ್ತಾರೆ, ದೀಪಾವಳಿಯ ಹೊತ್ತಿಗೆ ನಮಗೇ ಅದು ಕಾಣುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳಿಗೆ ಲಾಟರಿ ಎತ್ತಿ ಹಾಸ್ಟೆಲ್ ಹಂಚುತ್ತಿದ್ದರು. ಎಲಿಜಬೆತ್ ಡನ್, ತಿಮೊತಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಹುಡುಗರನ್ನು ಹಿಂಬಾಲಿಸಿದರು. ಒಳ್ಳೆಯ ಹಾಸ್ಟೆಲ್ ಸಿಕ್ಕರೆ ಬಹಳ ಸುಖ, ಕೆಟ್ಟದ್ದು ಸಿಕ್ಕರೆ ಬಹಳ ದುಃಖ ಎಂದು ಅವರೆಲ್ಲ ಮೊದಲೇ ಹೇಳಿಕೊಂಡಿದ್ದರು. ಒಂದು ವರ್ಷದ ಮೇಲೆ ನೋಡಿದರೆ ಎರಡೂ ಗುಂಪಿನವರ ಸಂತೋಷದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಕಟ್ಟಡದ ಅಂದ, ಕೋಣೆಯ ಅಳತೆಗೆ ಅವರು ತೂಕ ಜಾಸ್ತಿ ಕೊಟ್ಟಿದ್ದರು. ಜೊತೆಗಿರುವವರು ಎಂಥವರು ಎಂಬುದಕ್ಕೆ ಕಡಿಮೆ ಕೊಟ್ಟಿದ್ದರು.

ಇಂಥದೊಂದು ಲಾಟರಿಯನ್ನು ಬೆಂಗಳೂರು ತಾನೇ ನಡೆಸಿದೆ. ಶೇಷಾದ್ರಿಪುರಂಗೆ ಅಂಟಿಕೊಂಡಂತಿರುವ ಕುಮಾರ ಪಾರ್ಕ್ ಪಶ್ಚಿಮದ ಟಿ. ಚೌಡಯ್ಯ ರಸ್ತೆಯಲ್ಲಿ ಬಿಡಿಎ ಕಚೇರಿ ಇದೆ. 1976ರಲ್ಲಿ ಹುಟ್ಟಿದ ಈ ಪ್ರಾಧಿಕಾರದ ಸೈಟಿಗೆ ಅರ್ಜಿ ಹಾಕಿದವರಿಗೆ ಯಾವ ದಿಕ್ಕಿನ ಎಷ್ಟನೇ ನಂಬರು ಎಂಬುದನ್ನು ಆರಿಸುವ ಅಧಿಕಾರ ಇರಲಿಲ್ಲ. ಸಿಕ್ಕಿದ್ದನ್ನು ಹಿಡಿದುಕೊಂಡರು. ಎಚ್‌ಎಸ್‌ಆರ್, ಬಿಟಿಎಂ ಬಡಾವಣೆಗಳಿಗೆ ಮೊದಲು ಹೋದವರು ಕಾಡಿಗೆ ಹಾಕಿದರು ಎಂದು ಅತ್ತದ್ದುಂಟು. ಅವರನ್ನು ಈಗ ಮಾತಾಡಿಸಿ. ಆ ಬೀದಿ ಬಿಟ್ಟು ಬರುವುದಿಲ್ಲ ಎನ್ನುತ್ತಾರೆ, ಮತ್ತು ಕಾರಣ ಕೇಳಿದರೆ ಮನೆಯ ವಿಸ್ತೀರ್ಣ ಹೇಳುವುದಿಲ್ಲ, ಅಕ್ಕಪಕ್ಕದವರ ಹೆಸರು ಹೇಳುತ್ತಾರೆ.

ಒಗ್ಗದಿರುವ ವಿಷಯಗಳ ಪಟ್ಟಿಯಲ್ಲಿ ಮೊದಲನೆಯದು ಸದ್ದು. ‘ಆಮೇಲೆ ಅಭ್ಯಾಸ ಆಗಿಬಿಡುತ್ತೆ ಬಿಡಿ’ ಎಂಬುದು ಮನೆ ಮಾರಾಟದ ಅತ್ಯಂತ ದುಬಾರಿ ಸುಳ್ಳು. ನೀಲ್ ವೈನ್‌ಸ್ಟೀನ್ 1982ರಲ್ಲಿ ಪ್ರಕಟಿಸಿದ ಅಧ್ಯಯನ ಹೊಸ ಹೆದ್ದಾರಿಯೊಂದರ ಪಕ್ಕದ ನಿವಾಸಿಗಳ ಕುರಿತದ್ದು. ರಸ್ತೆ ತೆರೆದ ನಾಲ್ಕು ತಿಂಗಳಿಗೆ ಒಮ್ಮೆ, ಹದಿನಾರು ತಿಂಗಳಿಗೆ ಇನ್ನೊಮ್ಮೆ ಅವರನ್ನು ಕೇಳಿದರು. ಕಿರಿಕಿರಿ ಕಡಿಮೆಯಾಗಿರಲಿಲ್ಲ. ಬದಲಿಗೆ, ಇನ್ನು ತಾವು ಹೊಂದಿಕೊಳ್ಳುತ್ತೇವೆಂಬ ಭರವಸೆಯೇ ಕುಗ್ಗಿತ್ತು. ನಮಗೆ ಇದನ್ನು ಹೇಳಲು ಅಮೆರಿಕದ ಹೆದ್ದಾರಿಯೇ ಬೇಕಿಲ್ಲ. ಗಿರೀಶ ಕಾಸರವಳ್ಳಿಯವರು 1990ರ ದಶಕದ ಆರಂಭದಲ್ಲಿ ನಿರ್ದೇಶಿಸಿದ ‘ಮನೆ’ ಚಿತ್ರದಲ್ಲಿ ನಾಸಿರುದ್ದೀನ್ ಶಾ ಮತ್ತು ದೀಪ್ತಿ ನಾವಲ್ ನಟಿಸಿದ ಎಳೆಯ ದಂಪತಿ ತಮ್ಮದೇ ಒಂದು ಗೂಡು ಬೇಕೆಂದು ನಗರಕ್ಕೆ ಬರುತ್ತಾರೆ. ಪಕ್ಕದ ಶೆಡ್ಡಿನ ಸದ್ದು ಮೊದಲು ನಿದ್ದೆಯನ್ನು, ಆಮೇಲೆ ಅವರ ನಡುವಿನ ನೆಮ್ಮದಿಯನ್ನು ತಿನ್ನುತ್ತದೆ. ಫ್ಲಾಟು ಕೊಳ್ಳುವ ಮುನ್ನ ಗಂಡ ಹೆಂಡತಿ ಒಟ್ಟಿಗೆ ನೋಡಬೇಕಾದ ಚಿತ್ರವದು, ಬ್ಯಾಂಕಿನವರು ಸಾಲದ ಅರ್ಜಿಯೊಂದಿಗೆ ಕೊಡಬಹುದು.

ಎರಡನೆಯದು ದಿನನಿತ್ಯದ ಓಡಾಟ. ಜರ್ಮನಿಯ ಹಲವು ವರ್ಷಗಳ ಮಾಹಿತಿ ಇಟ್ಟುಕೊಂಡು ಬ್ರೂನೊ ಫ್ರೈ ಮತ್ತು ಅಲೋಯ್ಸ್ ಸ್ಟಟ್ಜರ್ 2008ರಲ್ಲಿ ತೋರಿಸಿದ್ದು ಇದು: ಕೆಲಸಕ್ಕೆ ಹೆಚ್ಚು ಹೊತ್ತು ಪ್ರಯಾಣ ಮಾಡುವವರು ಬದುಕಿನಲ್ಲಿ ಕಡಿಮೆ ತೃಪ್ತರು. ದೂರ ಹೋದವರಿಗೆ ಅಗ್ಗದ ಮನೆಯೋ ಹೆಚ್ಚಿನ ಸಂಬಳವೋ ಸಿಕ್ಕಿ ಲೆಕ್ಕ ಸರಿಹೋಗಬೇಕಿತ್ತು. ಹೋಗಿರಲಿಲ್ಲ. ನಾವು ಮಾಡುವುದೂ ಅದನ್ನೇ. ವರ್ಷಕ್ಕೆ ಎರಡು ಸಲ ಹಬ್ಬಕ್ಕೆ ಬರುವ ನೆಂಟರಿಗೆಂದು ಮೂರನೇ ಬೆಡ್‌ರೂಮು ಬೇಕೆಂದು ಊರಾಚೆ ಹೋಗಿ, ಮುನ್ನೂರು ದಿನ ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ನಿಲ್ಲುತ್ತೇವೆ. ಶೇಷಾದ್ರಿಪುರಂನ ಚಿಕ್ಕ, ಹಳೆಯ, ಪಾರ್ಕಿಂಗಿಗೆ ಪರದಾಡುವ ಫ್ಲಾಟಿನ ನಿಜವಾದ ಬಲ ಇಲ್ಲಿದೆ. 2014ರ ಮಾರ್ಚಿನಲ್ಲಿ ತೆರೆದ ಸಂಪಿಗೆ ರಸ್ತೆ ಮೆಟ್ರೊ ನಿಲ್ದಾಣಕ್ಕೆ ಇಲ್ಲಿನ ಹಲವು ಅಡ್ಡರಸ್ತೆಗಳಿಂದ ನಡೆದೇ ಹೋಗಬಹುದು, ಅಲ್ಲಿಂದ ಮುಂದಿನ ನಿಲ್ದಾಣವೇ ಎರಡು ಮಾರ್ಗ ಸೇರುವ ಮೆಜೆಸ್ಟಿಕ್. ಬ್ರೋಕರ್ ಈ ಮನೆಯನ್ನು ಮಾರುವಾಗ ಗ್ರಾನೈಟ್ ಕಲ್ಲನ್ನು ತೋರಿಸುತ್ತಾರೆ. ತೋರಿಸಬೇಕಾದದ್ದು ನಿಲ್ದಾಣದ ಮೆಟ್ಟಿಲು.

ಮೂರನೆಯದು ನೆರೆಹೊರೆ, ಮತ್ತು ಇಲ್ಲಿ ವಿಷಯ ಸ್ವಲ್ಪ ಮುಳ್ಳಿನದು. ಫೆಸ್ಟಿಂಗರ್ ಮತ್ತು ಸಂಗಡಿಗರು ಎಂಐಟಿಯ ವಿದ್ಯಾರ್ಥಿ ದಂಪತಿಗಳ ವಸತಿಯನ್ನು ಅಧ್ಯಯನ ಮಾಡಿ 1950ರಲ್ಲಿ ಪ್ರಕಟಿಸಿದ ಪುಸ್ತಕದ ಪ್ರಕಾರ, ಪಕ್ಕದ ಬಾಗಿಲಿನವರು ಆಪ್ತರಾಗುವ ಪ್ರಮಾಣ ಶೇಕಡ 41, ಅದೇ ಮಹಡಿಯ ಆ ತುದಿಯವರದು ಶೇಕಡ 10. ಗೆಳೆತನವನ್ನು ತೀರ್ಮಾನಿಸಿದ್ದರಲ್ಲಿ ದೊಡ್ಡ ಪಾಲು ಬಾಗಿಲು, ಮೆಟ್ಟಿಲುಗಳ ಜಾಗದ್ದು. ವಠಾರದಲ್ಲಿ ಬೆಳೆದವರಿಗೆ ಇದು ಸಂಶೋಧನೆ ಎನಿಸಲಿಕ್ಕಿಲ್ಲ, ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ನಿಂತವರ ಮಕ್ಕಳೇ ಜೀವದ ಗೆಳೆಯರಾದದ್ದು. ಆದರೆ ನೆರೆಯವರು ಮುಖ್ಯ ಎಂಬ ಸರಿಯಾದ ತಿಳಿವಳಿಕೆಯನ್ನು ನಾವು ತಪ್ಪು ಪ್ರಶ್ನೆಯಾಗಿ ಬಳಸುತ್ತೇವೆ. ಮಲ್ಲೇಶ್ವರ, ಬಸವನಗುಡಿಗಳ ಮೂಲ ನಕ್ಷೆಯಲ್ಲೇ ಜಾತಿ, ಮತಗಳಿಗೆ ಬೇರೆ ಬೇರೆ ಬ್ಲಾಕುಗಳಿದ್ದವು. ನಕ್ಷೆ ಮಾಸಿದೆ, ‘ಇಲ್ಲಿ ಎಲ್ಲಾ ನಮ್ಮವರೇ ಸಾರ್’ ಎಂಬ ಬ್ರೋಕರನ ಪಿಸುಮಾತು ಮಾಸಿಲ್ಲ. ಒಂದೇ ಜಾತಿಯವರ ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಜಗಳ, ಮೇಂಟೆನೆನ್ಸ್ ಬಾಕಿ, ತಾರಸಿಯ ಬೀಗದ ಕೈ ವ್ಯಾಜ್ಯ ಇಲ್ಲವೆಂದು ಯಾರೂ ಹೇಳಲಾರರು. ಕೇಳಬೇಕಾದದ್ದು ಸಂಘದ ಲೆಕ್ಕಪತ್ರ. ಎಷ್ಟು ಮನೆಗಳ ಮೇಂಟೆನೆನ್ಸ್ ಬಾಕಿಯಿದೆ, ಕೊನೆಯ ಸಭೆ ಯಾವಾಗ ನಡೆಯಿತು, ಸಭೆಯಲ್ಲಿ ಕೂಗಾಡಿದವರು ಯಾರು? ನೆರೆಹೊರೆಯ ಗುಣ ಅಲ್ಲಿ ಸಿಗುತ್ತದೆ, ಗೋತ್ರದಲ್ಲಲ್ಲ.

ಹೀಗೆ ಕೇಳಿ ತಿಳಿಯುವುದಕ್ಕೂ ಆಧಾರವಿದೆ. ಗಿಲ್ಬರ್ಟ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಒಂದು ಅನುಭವ ನಮಗೆ ಎಷ್ಟು ಹಿಡಿಸೀತು ಎಂದು ಊಹಿಸಲು ನಮ್ಮ ಕಲ್ಪನೆಗಿಂತ, ಈಗಾಗಲೇ ಅದನ್ನು ಅನುಭವಿಸಿದ ಅಪರಿಚಿತರ ಒಂದು ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ. ಆದರೂ ಹೆಚ್ಚಿನವರು ತಮ್ಮ ಕಲ್ಪನೆಯನ್ನೇ ನಂಬುತ್ತಾರೆ. ಹಳೆಯ ಬೆಂಗಳೂರಿನ ಬೀದಿಗಳಲ್ಲಿ ಇಂಥ ಅಪರಿಚಿತರಿಗೆ ಕೊರತೆಯಿಲ್ಲ. ಮೂಲೆಯ ಇಸ್ತ್ರಿ ಅಂಗಡಿಯವರಿಗೆ ಯಾವ ಮನೆಗೆ ಬಾಡಿಗೆದಾರರು ನಿಲ್ಲುವುದಿಲ್ಲ ಎಂದು ಗೊತ್ತು. ಮನೆಗೆಲಸದವರಿಗೆ ಯಾವ ಕಟ್ಟಡದಲ್ಲಿ ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಗೊತ್ತು. ಅವರ ಹತ್ತಿರ ಹತ್ತು ನಿಮಿಷ ನಿಂತು ಮಾತಾಡಿ, ಮಾರಾಟಗಾರರ ಹೊಳಪಿನ ಬ್ರೋಷರಿಗಿಂತ ಅದು ನಿಜ.

ವಾಸ್ತುವನ್ನು ಬಿಟ್ಟು ಈ ಊರಿನಲ್ಲಿ ಮನೆಯ ಮಾತು ಮುಗಿಯುವುದಿಲ್ಲ. ಅದರಲ್ಲಿ ಶಕ್ತಿ ಇದೆಯೇ ಇಲ್ಲವೇ ಎಂಬ ಚರ್ಚೆ ಬೇರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆದರೂ ಅದು ಮಾಡುವ ಮಾನಸಿಕ ಕೆಲಸವನ್ನು ಕಡೆಗಣಿಸಲಾರೆ. ನೂರಾರು ಮನೆಗಳ ಜಾಹೀರಾತಿನ ಮುಂದೆ ತಲೆ ಕೆಟ್ಟವರಿಗೆ ಅದು ಜರಡಿ: ದಕ್ಷಿಣ ಬಾಗಿಲು ಬೇಡ ಎಂದೊಡನೆ ಒಂದಷ್ಟು ಮನೆ ಉದುರುತ್ತವೆ. ಇಷ್ಟವಾಗದ ಮನೆಯನ್ನು ಯಾರ ಮನಸ್ಸೂ ನೋಯದಂತೆ ನಿರಾಕರಿಸಲು ‘ವಾಸ್ತು ಕೂಡಿಬರಲಿಲ್ಲ’ ಎಂಬುದಕ್ಕಿಂತ ನಯವಾದ ಮಾತು ಕನ್ನಡದಲ್ಲಿ ಇಲ್ಲ. ನಂಬದವರೂ ಪೂರ್ವದ ಬಾಗಿಲಿಗೆ ಹೆಚ್ಚು ಹಣ ಕೊಡುವುದುಂಟು, ನಾಳೆ ತಮ್ಮಿಂದ ಕೊಳ್ಳುವವರು ನಂಬುತ್ತಾರೆಂದು. ಅವರೂ ಅದೇ ಲೆಕ್ಕದಲ್ಲಿ ಕೊಳ್ಳುವವರಾಗಿದ್ದರೆ, ಯಾರೂ ನಂಬದೆಯೇ ಬೆಲೆ ಏರಿರುತ್ತದೆ. ಅಪಾಯವಿರುವುದು ಇನ್ನೊಂದು ಕಡೆ. ಈಶಾನ್ಯ ಸರಿಯಿದೆ ಎಂದು ಸೋದರಮಾವ ತಲೆಯಾಡಿಸಿದ ಮೇಲೆ, ಪರೀಕ್ಷೆ ಮುಗಿಯಿತೆಂಬ ನಿರಾಳದಲ್ಲಿ ಉಳಿದ ಪರೀಕ್ಷೆಗಳನ್ನೇ ಮಾಡದಿರುವುದು.

ಹಳೆಯ ಮನೆ ಕೊಳ್ಳುವವರು ಮಾರುವವರ ಮನಸ್ಸನ್ನೂ ಸ್ವಲ್ಪ ಓದಿಕೊಳ್ಳಬೇಕು. 1990ರ ದಶಕದಲ್ಲಿ ಬೋಸ್ಟನ್ ನಗರದ ಅಪಾರ್ಟ್‌ಮೆಂಟ್ ಮಾರಾಟಗಳನ್ನು ನೋಡಿದ ಡೇವಿಡ್ ಜೆನೆಸೊವ್, ಕ್ರಿಸ್ಟೊಫರ್ ಮೇಯರ್ ಕಂಡದ್ದು: ಕೊಂಡದ್ದಕ್ಕಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಬೆಲೆಯನ್ನು ಮಾರುಕಟ್ಟೆಗಿಂತ ಮೇಲಿಟ್ಟು, ಹೆಚ್ಚು ಕಾಲ ಕಾಯುತ್ತಾರೆ. ಶೇಷಾದ್ರಿಪುರಂನಲ್ಲಿ ಆ ನಷ್ಟದ ಭಯ ಹಣದ್ದಲ್ಲ. ಅಪ್ಪ ಕಟ್ಟಿಸಿದ ಮನೆ, ಅಮ್ಮ ನೆಟ್ಟ ಮಾವಿನ ಮರ, ಅಮೆರಿಕದಲ್ಲಿರುವ ತಮ್ಮನ ಸಹಿ. ಅಂಥವರೆದುರು ಗೋಡೆಯ ಬಿರುಕು ಎತ್ತಿ ತೋರಿಸಿ ಬೆಲೆ ಇಳಿಸಲು ಹೋದರೆ ಮಾತು ಅಲ್ಲಿಗೇ ಮುರಿಯುತ್ತದೆ. ಮರ ಉಳಿಸುತ್ತೇವೆ ಎಂಬ ಪ್ರಾಮಾಣಿಕ ಮಾತು ಲಕ್ಷಗಳಷ್ಟು ಕೆಲಸ ಮಾಡೀತು. ಉಳಿಸುವುದಾದರೆ ಮಾತ್ರ ಹೇಳಿ.

ತೀರ್ಮಾನ ಯಾರದು ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರಿಗಿಂತ ಮೊದಲು ಮನೆಮಂದಿಯೇ ಕೇಳಿಕೊಳ್ಳಬೇಕು. ಸಾಲ ತೀರಿಸುವವರು ದಿನದ ಹತ್ತು ಗಂಟೆ ಹೊರಗಿರುತ್ತಾರೆ. ಇಪ್ಪತ್ತನಾಲ್ಕು ಗಂಟೆ ಒಳಗಿರುವುದು ಮಂಡಿ ನೋವಿನ ಅಜ್ಜಿ. ಆಕೆಗೆ ಮನೆ ತೋರಿಸುವುದು ಟೋಕನ್ ಕೊಟ್ಟ ಮೇಲೆ, ‘ಹೇಗಿದೆ ನೋಡಮ್ಮ’ ಎಂದು. ಆಗ ಆಕೆ ಚೆನ್ನಾಗಿದೆ ಎನ್ನದೆ ಇನ್ನೇನು ಹೇಳಬೇಕು? ಲಿಫ್ಟು ಕೆಟ್ಟರೆ ಮೆಟ್ಟಿಲಿಗೆ ಕೈಹಿಡಿ ಇದೆಯೇ, ದೇವಸ್ಥಾನಕ್ಕೆ ರಸ್ತೆ ದಾಟದೆ ಹೋಗಬಹುದೇ, ಬಾಲ್ಕನಿಯಲ್ಲಿ ಕೂತರೆ ಬೀದಿಯಲ್ಲಿ ಮನುಷ್ಯರು ಕಾಣುತ್ತಾರೆಯೇ? ಇವು ಆಕೆಯ ಪ್ರಶ್ನೆಗಳು, ಮತ್ತು ಮೂವತ್ತು ವರ್ಷ ಕಳೆದರೆ ನಿಮ್ಮವೂ.

ಎಲ್ಲಕ್ಕಿಂತ ನಂಬಲರ್ಹ ಪರೀಕ್ಷೆ ಅಲ್ಲೇ ಬಾಡಿಗೆಗೆ ಇದ್ದು ನೋಡುವುದು. ಹನ್ನೊಂದು ತಿಂಗಳ ಕರಾರು ಬೆಂಗಳೂರಿಗೆ ಹೇಗೂ ರೂಢಿ, ಕೈಯಲ್ಲಿ ಇಡಿಗಂಟು ಇದ್ದವರಿಗೆ ಭೋಗ್ಯವೂ ಉಂಟು, ಕಾಗದ ಗಟ್ಟಿಯಿದ್ದರೆ. ಬಾಡಿಗೆ ದಂಡ ಎನ್ನುವವರು ಇನ್ನೊಂದು ಲೆಕ್ಕವನ್ನೂ ನೋಡಲಿ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ ಸೇರಿದರೆ ಒಂದು ಕೋಟಿಯ ಮನೆಗೆ ಏಳೂವರೆ ಲಕ್ಷ ರೂಪಾಯಿ ಮೀರಿ ಸರ್ಕಾರಕ್ಕೆ ಹೋಗುತ್ತದೆ. ತಪ್ಪು ಮನೆ ಕೊಂಡು ಮತ್ತೊಂದಕ್ಕೆ ಹೋದರೆ ಅಷ್ಟನ್ನೂ ಎರಡನೇ ಸಲ ಕಟ್ಟಬೇಕು.

ಬಾಡಿಗೆಗೆ ಇರಲು ಆಗದವರು ಇಷ್ಟಾದರೂ ಮಾಡಬಹುದು. ನಮ್ಮಲ್ಲಿ ಆಷಾಢದಲ್ಲಿ ಮನೆ ಕೊಳ್ಳುವುದಿಲ್ಲ, ಪಿತೃಪಕ್ಷದಲ್ಲಂತೂ ಮನೆಯ ಮಾತೇ ಎತ್ತುವುದಿಲ್ಲ. ಯುಗಾದಿ, ಅಕ್ಷಯ ತದಿಗೆಗೆಂದು ಬಿಸಿಲಿನ ದಿನಗಳಲ್ಲಿ ಹೋಗಿ, ಒಣಗಿದ ಗೋಡೆ ನೋಡಿ ಬರುತ್ತೇವೆ. ಪಿತೃಪಕ್ಷ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಬೆಂಗಳೂರಿನಲ್ಲಿ ಮಳೆ ಅತಿ ಹೆಚ್ಚು ಬೀಳುವ ಹೊತ್ತಿನಲ್ಲಿ. ತಾರಸಿ ಸೋರುವುದು, ಬೆಡ್‌ರೂಮಿನ ಮೂಲೆಯಲ್ಲಿ ತೇವ ಏಳುವುದು, ಸ್ಟಿಲ್ಟ್ ಪಾರ್ಕಿಂಗಿಗೆ ನೀರು ನುಗ್ಗುವುದು ಕಾಣುವ ಹದಿನೈದು ದಿನ ಅವು. ಬ್ರೋಕರುಗಳಿಗೆ ಬಿಡುವು ಇರುತ್ತದೆ, ಪೈಪೋಟಿಗೆ ಇನ್ನೊಂದು ಪಾರ್ಟಿ ಇರುವುದಿಲ್ಲ, ಓನರ್ ದನಿ ಮೆತ್ತಗಿರುತ್ತದೆ. ಕೊಳ್ಳಲು ಮುಹೂರ್ತ ಬೇಕೆಂದು ಶಾಸ್ತ್ರ ಹೇಳಿರಬಹುದು, ನೋಡಿ ಬರಲು ಬೇಕೆಂದು ಎಲ್ಲೂ ಹೇಳಿಲ್ಲ. ಈ ಸಲ ಪಿತೃಪಕ್ಷದ ಒಂದು ವಾರದ ದಿನ, ಮಳೆ ಸುರಿಯುವ ಸಂಜೆ ಆರೂವರೆಗೆ, ಅಜ್ಜಿಯನ್ನೂ ಕರೆದುಕೊಂಡು ಹೊರಡಿ. ಮನೆ ಆಗಲೂ ಹಿಡಿಸಿದರೆ ಅವಸರವೇನಿಲ್ಲ. ಮಹಾಲಯ ಅಮಾವಾಸ್ಯೆಯ ಮರುದಿನವೇ ನವರಾತ್ರಿ, ಚೆಕ್ಕನ್ನು ಅಂದು ಬರೆಯಬಹುದು.